ಕಬ್ಬಿಣ ನುಂಗಿದ ಚೆಂಡು

ಭದ್ರಾವತಿಯಲ್ಲಿ ಹೊಳೆಯ ಸೇತುವೆ ದಾಟಿದರೆ
ಚಂದ್ರೋಜಿಯ ಟೈಲರ್ ಅಂಗಡಿ, ಅದರ ಮೇಲೆ ನನ್ನ ಎರಡು ಮೇಜು.
ಒಂದಕ್ಕೆ ಕಾಲು ಗಿಡ್ಡ, ಹಳೇ ಪಂಚಾಂಗ ಮಡಚಿಟ್ಟಿದ್ದೇನೆ.
ಇನ್ನೊಂದು ದುಡ್ಡು ನುಂಗುವಂಥದ್ದು:
ದಪ್ಪನೆಯ ಐದು ರೂಪಾಯಿ, ಎರಡು.
ಹೊಸ ಹಳದಿ ಬಿಲ್ಲೆ ಕೊಟ್ಟರೆ ಉಗುಳುತ್ತದೆ.
ಆ ದಪ್ಪನೆಯದು ಈಗ ಯಾರ ಜೇಬಲ್ಲಿದೆ?
ಡಬ್ಬಿಯಲ್ಲಿ ನಲವತ್ತು ಇಟ್ಟುಕೊಂಡು ಹುಡುಗರಿಗೆ ಮಾರುತ್ತೇನೆ,
ರಾತ್ರಿ ಮೇಜಿನ ಹೊಟ್ಟೆಗೆ ಕೈ ಹಾಕಿ
ಅವನ್ನೇ ಮತ್ತೆ ಡಬ್ಬಿಗೆ.

ಬಣ್ಣದ್ದು ತೂತಿಗೆ ಬಿದ್ದರೆ ಬಿತ್ತು,
ಮುಂದಿನ ಹತ್ತು ರೂಪಾಯಿವರೆಗೂ ಒಳಗೇ ವಾಸ.
ಬಿಳಿಯದು ಮಾತ್ರ ತಿರುಗಿ ಬರಬೇಕು.
ಬಿದ್ದವರ ಸಾಲಿನಲ್ಲಿ ಅದೊಂದನ್ನೇ ಗುರುತು ಹಿಡಿದು
ಪಕ್ಕಕ್ಕೆ ಎಳೆದುಕೊಳ್ಳಲು
ಮರದ ಕಾಲುವೆಯ ತಿರುವಿನಲ್ಲಿ, ಕತ್ತಲಲ್ಲಿ,
ಒಂದು ಆಯಸ್ಕಾಂತ ಕೂತಿದೆ.

ಹಳೇ ಚೆಂಡು ಮೆಟ್ಟಿಲಿಂದ ಉರುಳಿ ಸೀಳಿತು.
ಶಿವಮೊಗ್ಗದಿಂದ ಇಲಿಯಾಸ್ ಬಂದ,
ಮೊಟ್ಟೆ ಟ್ರೇಯಲ್ಲಿ ಮೂರು ಚೆಂಡು.
"ಆರಿಸ್ಕೊಳ್ಳಿ ಅಮುದಕ್ಕಾ, ಎಲ್ಲಾ ಬಿಳೀನೇ."

ಮೊದಲನೆಯದು ಬರೀ ಗಾತ್ರ, ಒಳಗೆ ಕಬ್ಬಿಣವಿಲ್ಲ.
ದೊಡ್ಡದೆಂಬ ಒಂದೇ ಕಾರಣಕ್ಕೆ ಬೇರೆ ದಾರಿ ಹಿಡಿಯುತ್ತದಂತೆ,
ಅದಕ್ಕೊಂದು ಜರಡಿ ಬೇರೆ ಕೂರಿಸಬೇಕಂತೆ.
ಎದುರಿಗಿದ್ದವನ ಎದೆಗಲ್ಲ, ನೆತ್ತಿಗೇ ಬಡಿಯುವ ಜಾತಿ.
ಇಂಥವರು ನನ್ನ ಸಂಬಂಧಿಕರಲ್ಲೇ ಸಾಕಷ್ಟಿದ್ದಾರೆ.
ಬೇಡ ಅಂದೆ.

ಎರಡನೆಯದಕ್ಕೆ ನಡುಹೊಟ್ಟೆಯಲ್ಲಿ ಗುಂಡು.
ಮೂರನೆಯದಕ್ಕೆ ಮೈಯೆಲ್ಲ ಕಬ್ಬಿಣದ ಪುಡಿ,
ರಾಗಿಹಿಟ್ಟಿಗೆ ಉಪ್ಪು ಕಲೆಸಿದ ಹಾಗೆ. ಬೆಲೆ ಎರಡರಷ್ಟು.
ಎರಡನ್ನೂ ಸೆರಗಲ್ಲಿ ಕಟ್ಟಿ
ವಿಶ್ವನಾಥಾಚಾರ್ಯರ ಚಿನ್ನದ ತಕ್ಕಡಿಗೆ ಒಯ್ದೆ.
ನೂರಾ ತೊಂಬತ್ತು. ನೂರಾ ಎಪ್ಪತ್ತು.
"ಇಷ್ಟು ತೂಕದ್ದು ಯಾರೂ ತಂದು ಎಷ್ಟು ವರ್ಷವಾಯಿತಮ್ಮಾ"
ಎಂದು ಆಚಾರ್ಯರು ನಗಲೂ ಇಲ್ಲ.

ಆಮೇಲೆ ಚಂದ್ರೋಜಿಯ ಕತ್ತರಿಸುವ ಮೇಜಿನ ಗಾಜು.
ಸೀಮೆಸುಣ್ಣದಲ್ಲಿ ಗೆರೆ ಎಳೆದು ಉರುಳಿಸಿದೆ.
ಗುಂಡಿನದು ಅರ್ಧ ದಾರಿ ನೆಟ್ಟಗೆ ಹೋಗಿ
ಕೊನೆಯಲ್ಲಿ ವೇಗ ಸತ್ತಾಗ
ಏನೋ ನೆನಪಾದವನಂತೆ ಎಡಕ್ಕೆ ವಾಲಿತು.
ಪುಡಿಯದು ಗೆರೆ ಬಿಡಲಿಲ್ಲ.
ಅಪ್ಪ ಕಾರ್ಖಾನೆಯಲ್ಲಿ ಅಚ್ಚು ಹಾಕುತ್ತಿದ್ದರು,
ಎರಕವನ್ನು ಬೆರಳ ಗಂಟಿನಿಂದ ತಟ್ಟಿ
ಗುಳ್ಳೆ ಎಲ್ಲಿ ಕೂತಿದೆ ಎಂದು ಕಿವಿಯಲ್ಲೇ ಹೇಳೋರು.
ನಾನೂ ತಟ್ಟಿದೆ. ಏನೂ ಕೇಳಲಿಲ್ಲ.
ಮೂರನೆಯದಕ್ಕೇ ದುಡ್ಡು ಎಣಿಸಿದೆ.

ಸಂಜೆ ಜೋಯೆಲ್ ಬಂದ, ಸಾದಿಕ್ ಬಂದ,
ಎಂದೂ ತಪ್ಪದ ರುದ್ರಮುನಿಯೂ ಬಂದ.
ಮೂವರೂ ತಪ್ಪಿದರು.
"ಅಕ್ಕಾ, ಹೊಸ ಚೆಂಡು ಸೊಟ್ಟ!"
ಆಗ ಗೊತ್ತಾಯಿತು: ಹಳೆಯದೂ ಎಡಕ್ಕೆ ವಾಲುತ್ತಿತ್ತು.
ಏಳು ವರ್ಷ, ಯಾರೂ ಯಾರಿಗೂ ಹೇಳದೆ,
ಇಡೀ ಊರು ಕೂದಲೆಳೆ ಬಲಕ್ಕೆ ಗುರಿ ಇಡುತ್ತಿತ್ತು.
ಹೊರಗಿನವರು ಬಂದು ಸೋತು ಹೋಗುತ್ತಿದ್ದುದೂ ಅದಕ್ಕೇ.

ಎಂಟು ಗಂಟೆಗೆ ಬಿಳಿಯದು ಮೂಲೆಯ ತೂತಿಗೆ ಬಿತ್ತು.
ಉರುಳಿದ ಸದ್ದು ಬಂತು, ಚೆಂಡು ಬರಲಿಲ್ಲ.
ಬಣ್ಣದವರ ಜೊತೆ ಒಳಗೇ ಉಳಿದುಬಿಟ್ಟಿತು.
ಸಾದಿಕ್ ಮೇಜಿಗೆ ಒದ್ದ. ಹತ್ತು ರೂಪಾಯಿ ವಾಪಸು ಕೊಟ್ಟೆ.
ಪುಡಿಯಾಗಿ ಹರಡಿಕೊಂಡ ಕಬ್ಬಿಣವನ್ನು
ಮುದಿ ಆಯಸ್ಕಾಂತ ಗುರುತು ಹಿಡಿಯುತ್ತಿಲ್ಲ.

ಅವರೆಲ್ಲ ಹೋದ ಮೇಲೆ ಹಲಗೆ ಬಿಚ್ಚಿ,
ಬೀಡಿ ಪೆಟ್ಟಿಗೆಯ ರಟ್ಟು ಮಡಚಿ ಹಿಂದೆ ತುರುಕಿ
ಆಯಸ್ಕಾಂತವನ್ನು ಒಂದು ನೂಲು ಮುಂದೆ ತಂದೆ.
ದೀಪ ಆರಿಸಿದೆ; ಕೇಳಲು ಅದೇ ಒಳ್ಳೆಯದು.
ಆರು ತೂತು. ಒಂದೊಂದರಲ್ಲೂ ಬಿಟ್ಟು ನೋಡಬೇಕು.
ಗಡಗಡ, ತಿರುವಿನಲ್ಲಿ ಒಂದು ಉಸಿರಿನಷ್ಟು ಮೌನ,
ಆಮೇಲೆ ಟಕ್ ಎಂದು ನನ್ನ ಅಂಗೈಗೆ.
ಐದರಿಂದಲೂ ಬಂತು.
ಆರನೆಯದು ದೂರದ ಮೂಲೆ, ಉದ್ದದ ದಾರಿ.
ಬಿಟ್ಟಿದ್ದೇನೆ.
ಉರುಳುತ್ತಿದೆ.